ಅರೆನಿಮಿಷದ ಡಾಕ್ಟರ ವಂಶಾವಳಿ

ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷವಿರುವಾಗ ಡಾಕ್ಟರು ಕುರ್ಚಿಯಲ್ಲಿ ಕೂತರು. ಮೊದಲ ರೋಗಿ ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸು. ಆಕೆ ಬಾಗಿಲ ಪರದೆ ಸರಿಸಿ ಸ್ಟೂಲಿನವರೆಗೆ ನಡೆದು ಬರುವಷ್ಟರಲ್ಲಿ ಚೀಟಿಯ ಮೇಲೆ ಮೂರು ಮಾತ್ರೆಗಳ ಹೆಸರು ಬಿದ್ದಿದ್ದವು. ಆಕೆ ಕೂತು, ಸೆರಗು ಸರಿಪಡಿಸಿಕೊಂಡು, ಮೊಣಕೈ ತೋರಿಸಲು ಕೈ ಎತ್ತುವಾಗ ನಾಲ್ಕನೆಯದೂ ಬಿತ್ತು.

“ಊಟ ಆದ್ಮೇಲೆ ತಗೊಳ್ಳಿ.”

“ಡಾಕ್ಟ್ರೇ, ನಾನಿನ್ನೂ ಏನೂ ಹೇಳೇ ಇಲ್ಲ.”

“ಗೊತ್ತಾಯ್ತು. ಹವಾ ಸರಿ ಇಲ್ಲ. ಮುಂದಿನೋರು ಬನ್ನಿ.”

ಹೊರಗೆ ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು ಆಕೆಯನ್ನು ನೋಡಿ, “ಏನಮ್ಮಾ, ಒಳಗೆ ಹೋಗ್ತಾ ಇದ್ದೀಯಾ, ಹೋಗಿ ಬಂದ್ಯಾ?” ಎಂದು ಕೇಳಿದರು. “ನನಗೂ ಗೊತ್ತಾಗ್ಲಿಲ್ಲ ತಾತ” ಎಂದು ಆಕೆ ಚೀಟಿ ಮಡಚಿಕೊಂಡು ಹೋದಳು. ಊರಿನಲ್ಲಿ ಈ ಡಾಕ್ಟರಿಗೆ ‘ಅರೆನಿಮಿಷ’ ಎಂಬ ಅಡ್ಡಹೆಸರಿದೆ. ಅದನ್ನು ಹೇಳಿ ನಗುವವರೇ ನಾಳೆ ಬೆಳಿಗ್ಗೆ ಇದೇ ಬೆಂಚಿನ ಮೇಲೆ ಕೂತಿರುತ್ತಾರೆ, ಏಕೆಂದರೆ ಕ್ಲಿನಿಕ್ಕು ಬಸ್ ನಿಲ್ದಾಣಕ್ಕೆ ಹತ್ತಿರ. ಊರಿನ ಪ್ರಾಮಾಣಿಕತೆ ಅಷ್ಟು ದೂರ ಮಾತ್ರ ನಡೆಯುತ್ತದೆ.

ಡಾಕ್ಟರಿಗೆ ಈಗ ಮೂವತ್ತನಾಲ್ಕು ವರ್ಷ. ಅವರ ಮೇಜಿನ ಮೇಲೆ, ಗಾಜಿನ ಗುಂಡಿನ ಕೆಳಗೆ, ವೈದ್ಯ ಪರಿಷತ್ತಿನಿಂದ ಬಂದ ಒಂದು ಪತ್ರವಿದೆ. ಅವರ ಮೇಲೆ ದೂರು ದಾಖಲಾಗಿದೆ. ವಿಚಾರಣೆಯ ದಿನ ಅವರ ಅಜ್ಜ ಬರೆದಿಟ್ಟ ಮೂರು ರಿಜಿಸ್ಟರುಗಳ ಮೂಲ ಪ್ರತಿ ಹಾಜರುಪಡಿಸಬೇಕು ಎಂದು ಅದರಲ್ಲಿದೆ. ರಿಜಿಸ್ಟರುಗಳು ಹಾಜರಾದರೆ ಅವರು ವೈದ್ಯರಾಗಿ ಮುಂದುವರಿಯುವುದು ಅನುಮಾನ. ಹಾಜರಾಗದಿದ್ದರೆ ಒಬ್ಬರ ಮಾತು, ಇನ್ನೊಬ್ಬರ ಮಾತು ಎಂದು ವಿಷಯ ತೇಲಿಹೋಗಬಹುದು. ರಿಜಿಸ್ಟರುಗಳಿರುವುದು ಅದೇ ಕಟ್ಟಡದ ಹಿಂದಿನ ಕೋಣೆಯಲ್ಲಿ, ಅವರ ಸೋದರತ್ತೆಯ ಕಬ್ಬಿಣದ ಬೀರುವಿನಲ್ಲಿ. ಬೀರುವಿನ ಕೀಲಿ ಅತ್ತೆಯ ಬಳಿ.

ಈ ಮನೆಯವರು ಬೇರೇನು ಮಾಡದಿದ್ದರೂ ಬರೆದಿಡುವುದನ್ನು ಬಿಟ್ಟವರಲ್ಲ. ಆದ್ದರಿಂದ ಡಾಕ್ಟರ ಜೀವನಚರಿತ್ರೆಗೆ ಯಾರ ನೆನಪನ್ನೂ ಕೆದಕಬೇಕಾಗಿಲ್ಲ. ಅಜ್ಜನ ಹನ್ನೊಂದು ರಿಜಿಸ್ಟರು, ಅಪ್ಪನ ಒಂದು ಬಾಕ್ಸ್ ಫೈಲು, ಹಾಸ್ಟೆಲಿನಿಂದ ಬಂದ ನಲವತ್ತಮೂರು ಪತ್ರಗಳ ಒಂದು ಕಟ್ಟು. ಎಲ್ಲವನ್ನೂ ಓದಲು ಎರಡು ದಿನ ಸಾಕು.

ಅಜ್ಜ ಊರಿನ ಹಳೆಯ ಡಿಸ್ಪೆನ್ಸರಿಯಲ್ಲಿ ಕಾಂಪೌಂಡರ್ ಆಗಿದ್ದರು. ಅದರ ಮಾಲೀಕರಾದ ದೊಡ್ಡ ಡಾಕ್ಟರು ಬರೆದುಕೊಟ್ಟ ಔಷಧವನ್ನು ಅಳೆದು, ಬೆರೆಸಿ, ಬಾಟಲಿಗೆ ತುಂಬಿ, ಎಷ್ಟು ಸಲ ಕುಡಿಯಬೇಕೆಂದು ತಿಳಿಯಲು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುವುದು ಅವರ ಕೆಲಸ. ಅವರ ರಿಜಿಸ್ಟರಿನಲ್ಲಿ ಐದು ಅಂಕಣ: ಹೆಸರು, ವಯಸ್ಸು, ಡಾಕ್ಟರು ಬರೆದದ್ದು, ಕೊಟ್ಟದ್ದು, ಆಮೇಲೆ. ಕೊನೆಯ ಅಂಕಣವನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಔಷಧ ಕೊಂಡುಹೋದವರು ಏನಾದರು ಎಂದು ತಿಳಿದುಕೊಂಡು ಬರೆಯುವುದು ಅವರದೇ ಕ್ರಮ. ದೊಡ್ಡ ಡಾಕ್ಟರು ತೀರಿಕೊಂಡು ಡಿಸ್ಪೆನ್ಸರಿ ಮುಚ್ಚಿದ ಮೇಲೆ ಅದೇ ಕಟ್ಟಡದಲ್ಲಿ ಔಷಧಿ ಅಂಗಡಿ ಇಟ್ಟಾಗಲೂ ಆ ಅಂಕಣವನ್ನು ಬಿಡಲಿಲ್ಲ.

ಡಾಕ್ಟರು ಮೊದಲ ಬಾರಿಗೆ ಕಾಗದಕ್ಕೆ ಬರುವುದು ಹತ್ತನೆಯ ರಿಜಿಸ್ಟರಿನಲ್ಲಿ. “ಮೊಮ್ಮಗು. ಗಂಡು. ಎರಡು ಕಿಲೋ ಒಂಬೈನೂರು ಗ್ರಾಂ. ಅಳು ಜೋರು, ಕಾರಣ ಕಾಣಲಿಲ್ಲ.” ನಾಲ್ಕನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಬರುತ್ತಾರೆ. ಕೆಮ್ಮು, ಸಿರಪ್ ಅರ್ಧ ಚಮಚ. ‘ಆಮೇಲೆ’ ಅಂಕಣದಲ್ಲಿ ಅಜ್ಜನ ಸಣ್ಣ ಅಕ್ಷರ: “ಉಗುಳಿದ. ನುಂಗಿದೆ ಅಂದ.” ಇದಾಗಿ ಮೂರು ವರ್ಷಕ್ಕೆ ಅಜ್ಜ ತೀರಿಕೊಂಡರು. ಮೊಮ್ಮಗನ ಬಗ್ಗೆ ಅವರು ಬರೆದದ್ದು ಇಷ್ಟೇ. ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಪೂರ್ತಿಯಾಗಿ ಇನ್ನಾರೂ ಬರೆದಿಲ್ಲ.

ಮುಂದಿನ ಕಥೆ ಅಪ್ಪನ ಬಾಕ್ಸ್ ಫೈಲಿನಲ್ಲಿದೆ. ಅಪ್ಪ ಔಷಧ ಕಂಪನಿಯೊಂದರ ಪ್ರತಿನಿಧಿ. ಮೂವತ್ತು ವರ್ಷ ಚರ್ಮದ ಚೀಲ ಹಿಡಿದು ಡಾಕ್ಟರುಗಳ ಬಾಗಿಲಲ್ಲಿ ಕಾದವರು. ಕಾಯಿಸುವ ಕಡೆಯಲ್ಲಿ ತನ್ನ ಮಗ ಇರಬೇಕು ಎಂದು ಅಲ್ಲೇ ನಿಂತು ನಿರ್ಧರಿಸಿದರು. ಹುಡುಗ ಮೂರನೆಯ ತರಗತಿಯಲ್ಲಿದ್ದಾಗಲೇ ಫೈಲಿನ ಮೇಲೆ ಚೀಟಿ ಅಂಟಿಸಿದರು. ಅದರ ಮೇಲೆ ಮಗನ ಹೆಸರಿಲ್ಲ, ‘ಡಾಕ್ಟರ್’ ಎಂದಷ್ಟೇ ಇದೆ.

ಒಳಗೆ ಅಂಕಪಟ್ಟಿಗಳಿವೆ. ನಾಲ್ಕನೆಯ ತರಗತಿಯ ಶಿಕ್ಷಕಿಯ ಷರಾ: “ಉತ್ತರ ಬರೆಯುವ ಮೊದಲು ಪ್ರಶ್ನೆ ಓದುವುದನ್ನು ಕಲಿಯಬೇಕು.” ಐದರಲ್ಲಿ ಇನ್ನೊಬ್ಬ ಶಿಕ್ಷಕರು ಅದನ್ನೇ ಬೇರೆ ಮಾತಿನಲ್ಲಿ ಬರೆದಿದ್ದಾರೆ. ಆರರಿಂದ ಷರಾ ನಿಲ್ಲುತ್ತದೆ. ಕಾರಣವೂ ಫೈಲಿನಲ್ಲೇ ಇದೆ. ವಿಜ್ಞಾನದಲ್ಲಿ ಅರ್ಧ ಅಂಕ ಕಡಿಮೆ ಬಂತೆಂದು ಅಪ್ಪ ಬರೆದ ಏಳು ಪತ್ರಗಳ ನಕಲು, ಕೊನೆಗೆ ಹೆಡ್‌ಮಾಸ್ಟರರ ಉತ್ತರ: “ತಮ್ಮ ಮಗನಿಗೆ ಅರ್ಧ ಅಂಕ ಸೇರಿಸಲಾಗಿದೆ. ದಯವಿಟ್ಟು ಇನ್ನು ಮುಂದೆ ಬರೆಯಬೇಡಿ.” ಪ್ರಶ್ನೆ ಓದದಿದ್ದರೂ ಅಂಕ ಬರುತ್ತದೆ ಎಂಬ ಪಾಠ ಹುಡುಗನಿಗೆ ಹನ್ನೊಂದನೆಯ ವಯಸ್ಸಿಗೆ ಹೀಗೆ ಲಿಖಿತವಾಗಿ ಸಿಕ್ಕಿತು. ಕಲಿತ ಪಾಠವನ್ನು ಅವರು ಮರೆತಿಲ್ಲ.

ವೈದ್ಯಕೀಯ ಪ್ರವೇಶ ಪರೀಕ್ಷೆ ಮೂರನೆಯ ಸಲಕ್ಕೆ ದಾಟಿತು. ಹಾಸ್ಟೆಲಿನ ನಲವತ್ತಮೂರು ಪತ್ರಗಳಲ್ಲಿ ಶೂ, ಫ್ಯಾನು, ಪಕ್ಕದ ಮಂಚದವನ ಗೊರಕೆ, ತಲೆ ಕೂದಲು ಉದುರುವುದು, ಎಲ್ಲ ಇವೆ. ‘ರೋಗಿ’ ಎಂಬ ಪದ ಎರಡೇ ಕಡೆ ಬರುತ್ತದೆ. ಒಂದು ಕಡೆ ನೆಗಡಿಯಾಗಿ ತಾವೇ ರೋಗಿಯಾದಾಗ. ಇನ್ನೊಂದು ಕಡೆ, ವಾರ್ಡಿನ ಕೆಲಸ ಶುರುವಾದ ವರ್ಷ: “ಇಲ್ಲಿ ರೋಗಿಗಳು ತುಂಬಾ ಮಾತಾಡುತ್ತಾರೆ.”

ಮೇಲಿನ ಓದೂ ಮುಗಿಸಿ ಊರಿಗೆ ಬಂದು ನಾಲ್ಕು ವರ್ಷದ ಹಿಂದೆ ಕ್ಲಿನಿಕ್ಕು ತೆರೆದಾಗ ಬಾಗಿಲ ಮೇಲೆ ಬಿದ್ದ ಫಲಕ, “ಮೂರು ತಲೆಮಾರಿನ ವೈದ್ಯ ಪರಂಪರೆ.” ಅಜ್ಜನನ್ನು ಬಲ್ಲವರು ಊರಿನಲ್ಲಿ ಇನ್ನೂ ನೂರಾರು ಜನ ಇದ್ದರು. ಎಲ್ಲರೂ ಫಲಕ ಓದಿದರು, ಬೆಂಚಿನ ಮೇಲೆ ಕೂತರು. ಅತ್ತೆಯೂ ಓದಿದರು. ಅವರು ಹುಡುಗಿಯಾಗಿದ್ದಾಗ ತಮ್ಮ ತಂದೆಯ ಪಕ್ಕ ಕೂತು ಪುಡಿ ಪೊಟ್ಟಣ ಮಡಚಿದವರು, ಕಾಗದದ ಪಟ್ಟಿಗೆ ಹಲ್ಲು ಕತ್ತರಿಸಿದವರು. ಮದುವೆಯಾಗಲಿಲ್ಲ, ಶಾಲೆಯೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಹಿಂದಿನ ಕೋಣೆಯಲ್ಲಿದ್ದಾರೆ. ನಾಲ್ಕು ವರ್ಷ ದಿನಕ್ಕೆರಡು ಸಲ ಆ ಫಲಕದ ಕೆಳಗೆ ಹಾದುಹೋದರೂ ಅವರು ತುಟಿ ಬಿಚ್ಚಲಿಲ್ಲ. “ಮನೆ ಹುಡುಗ, ದೊಡ್ಡದಾಗಿ ಹೇಳ್ಕೊಂಡ್ರೆ ಹೇಳ್ಕೊಳ್ಲಿ ಅನ್ಕೊಂಡೆ. ತಪ್ಪು ನಂದೂ ಇದೆ” ಎನ್ನುತ್ತಾರೆ. ಹೌದು, ಇದೆ.

ಕ್ಲಿನಿಕ್ಕಿನ ಮೇಲೆ ಹೊಸ ಮಹಡಿ ಎದ್ದಿತು. ಉದ್ಘಾಟನೆಗೆ ಒಂದು ಸ್ಮರಣ ಸಂಚಿಕೆ ಬೇಕಾಯಿತು. ಅತ್ತೆ ಹಲ್ಲಿನ ವೈದ್ಯರ ಬಳಿ ಹೋಗಿದ್ದ ಒಂದು ಮಧ್ಯಾಹ್ನ ಡಾಕ್ಟರು ಬೀರು ತೆಗೆದು, ಹಳೆಯ ಮೂರು ರಿಜಿಸ್ಟರುಗಳನ್ನು ಒಯ್ದು, ಫೋಟೋ ಹೊಡೆಸಿ, ಮರಳಿ ಇಟ್ಟರು. ಕೇಳಲಿಲ್ಲ. ಕೀಲಿ ಅಂದಿನವರೆಗೆ ಬೀರುವಿನಲ್ಲೇ ತೂಗಾಡುತ್ತಿತ್ತು.

ಉದ್ಘಾಟನೆ ಭಾನುವಾರ, ಸಂಚಿಕೆ ಅಚ್ಚಾಗಿ ಬಂದದ್ದು ಬುಧವಾರ. ಅಪ್ಪ ಮೊದಲ ಪ್ರತಿಯನ್ನು ಅಕ್ಕನ ಕೈಗೆ ಕೊಟ್ಟರು. ಮೊದಲ ಪುಟದಲ್ಲಿ ಡಿಸ್ಪೆನ್ಸರಿಯ ಬಿಳಿ ಏಪ್ರನ್ನಿನಲ್ಲಿ ಅಜ್ಜ, ಹೆಸರಿನ ಹಿಂದೆ ‘ಡಾ.’ ಎರಡನೆಯ ಪುಟದಲ್ಲಿ ಅಪ್ಪ, “ಔಷಧ ಕ್ಷೇತ್ರದಲ್ಲಿ ಮೂವತ್ತು ವರ್ಷಗಳ ವೈದ್ಯಸೇವೆ.”

“ಹಾಗಾದ್ರೆ ಹಾಲು ಹಾಕೋನೂ ಹಸುವೇ ಅನ್ನು” ಎಂದು ಅತ್ತೆ ತಮ್ಮನಿಗೆ ಹೇಳಿ ಪುಟ ತಿರುಗಿಸಿದರು.

ಮೂರನೆಯ ಪುಟದಲ್ಲಿ ರಿಜಿಸ್ಟರಿನ ಚಿತ್ರ. ಐದು ಅಂಕಣಗಳಲ್ಲಿ ಎರಡೇ ಉಳಿದಿದ್ದವು, ಹೆಸರು ಮತ್ತು ವಯಸ್ಸು. ‘ಡಾಕ್ಟರು ಬರೆದದ್ದು’ ಎಂಬ ಅಂಕಣ ಕಂಡರೆ ಬರೆದವರು ಡಾಕ್ಟರಲ್ಲ ಎಂದು ಗೊತ್ತಾಗುತ್ತದೆ. ಅದನ್ನು ಕತ್ತರಿಸುವಾಗ ಮುಂದಿನ ಎರಡೂ ಹೋಗಿದ್ದವು. ಕೆಲವು ಹೆಸರುಗಳ ಹಿಂದೆ ಕೆಂಪು ಪೆನ್ಸಿಲಿನ ಚುಕ್ಕೆ. ಕೆಳಗೆ ಡಾಕ್ಟರ ಬರಹ: “ಅಜ್ಜನವರು ಉಚಿತವಾಗಿ ಚಿಕಿತ್ಸೆ ನೀಡಿದ ಬಡವರ ಹೆಸರಿಗೆ ಕೆಂಪು ಚುಕ್ಕೆ ಇಡುತ್ತಿದ್ದರು. ಆ ಪೈಕಿ ಇಂದಿಗೂ ಊರಿನಲ್ಲಿರುವ ಹನ್ನೊಂದು ಮಂದಿಗೆ ಭಾನುವಾರ ಸನ್ಮಾನ, ತಪಾಸಣೆ ಹಾಗೂ ಔಷಧ ವಿತರಣೆ.”

ಅತ್ತೆ ಸಂಚಿಕೆ ಹಿಡಿದುಕೊಂಡೇ ಡಾಕ್ಟರ ಕೋಣೆಗೆ ಹೋದರು. ಸ್ಟೂಲಿನ ಮೇಲಿದ್ದ ರೋಗಿಯನ್ನು ಅವರು ಎಬ್ಬಿಸಬೇಕಾಗಲಿಲ್ಲ; ಅಷ್ಟರಲ್ಲಿ ಅವನ ಸಮಯ ಮುಗಿದಿತ್ತು.

“ಪುಟ್ಟಾ, ಈ ಪುಟ ಬರೆದಿದ್ದು ಯಾರು?”

“ನಾನೇ ಅತ್ತೆ. ಯಾಕೆ, ಚೆನ್ನಾಗಿಲ್ವಾ?”

“ಚೆನ್ನಾಗಿದೆ. ಸುಳ್ಳು ಯಾವತ್ತೂ ಚೆನ್ನಾಗೇ ಇರುತ್ತೆ. ಕೆಂಪು ಚುಕ್ಕೆ ಅಂದ್ರೆ ಬಿಟ್ಟಿ ಅಲ್ಲ ಕಣೋ. ಕೊಟ್ಟ ಔಷಧ ಮೈಗೆ ಆಗದೆ ಜೀವ ಹೋಗೋ ಹಾಗಾಯ್ತಲ್ಲ, ಅವರಿಗೆ ಚುಕ್ಕೆ ಇಡ್ತಿದ್ರು. ಇನ್ನೊಂದ್ಸಲ ಕೊಡಬಾರ್ದು ಅಂತ.”

“ಅಜ್ಜ ಬಡವರಿಗೆ ಬಿಟ್ಟಿ ಕೊಡ್ತಿರ್ಲಿಲ್ವಾ ಹಾಗಾದ್ರೆ?”

“ಕೊಡ್ತಿದ್ರು. ಕೊಟ್ಟಿದ್ದನ್ನ ಬರ್ಕೊಳ್ಳೋ ಚಾಳಿ ಇರ್ಲಿಲ್ಲ.”

ಡಾಕ್ಟರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ಐನೂರು ಪ್ರತಿ ಅಚ್ಚಾಗಿದೆ ಅತ್ತೆ. ಯಾವ ಔಷಧ ಆಗಲ್ಲ ಅಂತ ಕೇಳ್ಕೊಂಡೇ ಕೊಡ್ತೀನಿ, ಆಯ್ತಾ? ನಾನೂ ಓದಿದೀನಿ.”

“ನೀನು ಕೇಳ್ತೀಯಾ?”

“ಕೇಳ್ತೀನಿ.”

ಬಾಗಿಲಲ್ಲಿ ನಿಂತಿದ್ದ ಸಿಸ್ಟರಮ್ಮ ನಕ್ಕುಬಿಟ್ಟರು. ಆಕೆ ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ನಿವೃತ್ತಿಯ ನಂತರ ಇಲ್ಲಿಗೆ ಬಂದವರು. ಈ ಡಾಕ್ಟರು ಯಾರನ್ನಾದರೂ ಏನಾದರೂ ಕೇಳಿದ್ದನ್ನು ನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ.

ತಿದ್ದೋಲೆ ಅಂಟಿಸಲು ಸಮಯವಿತ್ತು. ಆದರೆ ಚುಕ್ಕೆಯ ಅರ್ಥ ತಿದ್ದಿದರೆ ಅದು ಯಾರ ರಿಜಿಸ್ಟರು ಎಂಬುದೂ ತಿದ್ದಬೇಕಾಗುತ್ತದೆ, ಅದನ್ನು ತಿದ್ದಿದರೆ ಬಾಗಿಲ ಮೇಲಿನ ಫಲಕ. ಡಾಕ್ಟರು ಯೋಚಿಸಿದ್ದು ಅಷ್ಟು. ಹನ್ನೊಂದು ಜನರ ಮೈ ಆ ಯೋಚನೆಯೊಳಗೆ ಬರಲಿಲ್ಲ.

ಗುರುವಾರದಿಂದ ಅತ್ತೆ ಮತ್ತು ಸಿಸ್ಟರಮ್ಮ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಮನೆ ಮನೆ ಹುಡುಕಿದರು. “ಸನ್ಮಾನಕ್ಕೆ ಬನ್ನಿ, ಆದ್ರೆ ಏನು ಕೊಟ್ರೂ ಬಾಯಿಗೆ ಹಾಕ್ಬೇಡಿ” ಎಂದು ಹೇಳಿಬಂದರು. ಶನಿವಾರ ಸಂಜೆಗೆ ಹತ್ತು ಮಂದಿ ಸಿಕ್ಕರು. ಸಿಗದವರು ಟೈಪಿಂಗ್ ಮೇಷ್ಟ್ರು. ಅವರು ಮಗಳ ಮನೆಗೆ ಹೋಗಿದ್ದರು, ಬಾಗಿಲಿಗೆ ಬೀಗ. ರಿಜಿಸ್ಟರಿನಲ್ಲಿ ಅವರ ವಯಸ್ಸು ಆರು. “ಪೆನಿಸಿಲಿನ್ ಚುಚ್ಚಿದ ಐದು ನಿಮಿಷಕ್ಕೆ ಮುಖ ಊದಿ ಉಸಿರು ಕಟ್ಟಿತು. ಉಳಿಯಿತು. ಇನ್ನೆಂದೂ ಕೂಡದು” ಎಂದು ಅಜ್ಜ ಬರೆದಿದ್ದಾರೆ. ಆರು ವರ್ಷದ ಹುಡುಗನಿಗೆ ಅದು ನೆನಪಿರಲಿಲ್ಲ. ನೆನಪಿದ್ದ ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಮೇಷ್ಟ್ರಿಗೆ ಉಳಿದದ್ದು ಔಷಧವೆಂದರೆ ಮೂಗು ಮುರಿಯುವ ಅಭ್ಯಾಸ ಮಾತ್ರ. “ನಲವತ್ತು ವರ್ಷದಿಂದ ಒಂದು ಮಾತ್ರೆ ನುಂಗಿಲ್ಲ” ಎಂದು ಎದುರು ಸಿಕ್ಕವರಿಗೆಲ್ಲ ಹೇಳುವವರು.

ಭಾನುವಾರ ಅತ್ತೆ ಗೇಟಿನಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಆದರೆ ಅಪ್ಪ, ಬೆಳಗಿನ ಬಸ್ಸಿಗೆ ಊರಿಗೆ ಮರಳಿದ್ದ ಮೇಷ್ಟ್ರನ್ನು ತಾವೇ ಕಾರಿನಲ್ಲಿ ಕರೆತಂದು ಹಿಂಬಾಗಿಲಿನಿಂದ ನೇರ ವೇದಿಕೆ ಹತ್ತಿಸಿದರು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚು. ಗೆಳೆಯನಿಗೆ ಮೊದಲ ಸನ್ಮಾನ ಆಗಲಿ ಎಂಬುದು ಅಪ್ಪನ ಆಸೆ.

ಸನ್ಮಾನವೆಂದರೆ ಒಂದು ಹೂಗುಚ್ಛ ಮತ್ತು ಒಂದು ಔಷಧದ ಪೊಟ್ಟಣ. ಪೊಟ್ಟಣದಲ್ಲಿ ಅಪ್ಪನ ಹಳೆಯ ಕಂಪನಿ ಕೊಟ್ಟ ಮಾದರಿಗಳು: ಒಂದು ಟಾನಿಕ್ಕು, ಜ್ವರದ ಮಾತ್ರೆ, ಪೆನಿಸಿಲಿನ್ ಜಾತಿಗೇ ಸೇರಿದ ಕ್ಯಾಪ್ಸೂಲಿನ ಪಟ್ಟಿ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಕೆಮ್ಮಿದರು. ಫೋಟೋದವನು, “ಸಾರ್, ಔಷಧ ಕೊಡೋ ಹಾಗೆ ಒಂದು ಹೊಡೀಲಾ?” ಎಂದ. ಡಾಕ್ಟರು ಪಟ್ಟಿಯಿಂದ ಒಂದು ಕ್ಯಾಪ್ಸೂಲು ಒತ್ತಿ ತೆಗೆದು, ನೀರಿನ ಲೋಟದೊಂದಿಗೆ ಮೇಷ್ಟ್ರ ಕೈಗಿಟ್ಟು, ಕ್ಯಾಮೆರಾದ ಕಡೆ ಮುಖ ಮಾಡಿದರು. ಯಾವ ಔಷಧ ಆಗುವುದಿಲ್ಲ ಎಂದು ಕೇಳಲು ಅದು ಸಮಯವಾಗಿರಲಿಲ್ಲ.

ವೇದಿಕೆಯ ಮೇಲೆ ಮೇಷ್ಟ್ರು ಕಂಡದ್ದೇ ಅತ್ತೆ ಗೇಟಿನಿಂದ ಎದ್ದರು. “ಮೇಷ್ಟ್ರೇ, ನುಂಗ್ಬೇಡಿ!” ಮೈಕಿನಲ್ಲಿ ಯಾರೋ ಮೂರು ತಲೆಮಾರುಗಳ ಗುಣಗಾನ ಮಾಡುತ್ತಿದ್ದರು. ಮೇಷ್ಟ್ರು ದೂರದಿಂದ ಕೈ ಬೀಸುತ್ತಿದ್ದ ಅತ್ತೆಯನ್ನು ಕಂಡು, ಶುಭಾಶಯವೆಂದುಕೊಂಡು ತಲೆಯಾಡಿಸಿ, ನುಂಗಿದರು. ನಲವತ್ತು ವರ್ಷದ ವ್ರತ ಫೋಟೋಗಾಗಿ ಮುರಿಯಿತು.

ಹತ್ತು ನಿಮಿಷದೊಳಗೆ ತುಟಿ ದಪ್ಪಗಾಯಿತು, ಆಮೇಲೆ ಕಣ್ಣು ಮುಚ್ಚಿಹೋದವು, ಆಮೇಲೆ ಉಸಿರು ಸೀಟಿ ಹೊಡೆಯತೊಡಗಿತು. ಹೊಸ ಮಹಡಿಯಲ್ಲಿ ತುರ್ತು ಔಷಧದ ಕಪಾಟಿತ್ತು. ಅದರೊಳಗೆ ಆವತ್ತು ಸ್ಮರಣ ಸಂಚಿಕೆಗಳನ್ನು ಪೇರಿಸಿಟ್ಟಿದ್ದರು. ಮೇಷ್ಟ್ರನ್ನು ಉಳಿಸಿದ್ದು ಸಿಸ್ಟರಮ್ಮನ ಕೈಚೀಲ. ಬುಧವಾರದಿಂದ ಆಕೆ ಅದರಲ್ಲಿ ಅಡ್ರಿನಾಲಿನ್ ಮತ್ತು ಸಿರಿಂಜು ಇಟ್ಟುಕೊಂಡು ತಿರುಗುತ್ತಿದ್ದರು. ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿದರು. ಫೋಟೋದವನ ಕೊನೆಯ ಚಿತ್ರದಲ್ಲಿ ಆಕೆ ಮಂಡಿಯೂರಿ ಕೂತಿದ್ದಾರೆ, ಡಾಕ್ಟರು ಪಕ್ಕದಲ್ಲಿ ನಿಂತು ಹೂಗುಚ್ಛ ಹಿಡಿದುಕೊಂಡಿದ್ದಾರೆ.

ಮೇಷ್ಟ್ರು ದೊಡ್ಡಾಸ್ಪತ್ರೆಯಲ್ಲಿ ಮೂರು ದಿನ ಇದ್ದು ಮನೆಗೆ ಬಂದರು. ಅಷ್ಟರಲ್ಲಿ ಊರಿನ ಪತ್ರಿಕೆಯಲ್ಲಿ ಸುದ್ದಿ ಬಂದಿತ್ತು: “ಬಿಸಿಲಿಗೆ ಬಳಲಿದ ಹಿರಿಯರು, ಯುವ ವೈದ್ಯರ ಸಮಯಪ್ರಜ್ಞೆ.” ಕಾರ್ಯಕ್ರಮ ನಡೆದದ್ದು ಸೂರಿನ ಕೆಳಗೆ, ಮೋಡ ಮುಸುಕಿದ ದಿನ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದಕ್ಕೆ ಮೊದಲು ಜಟ್ಟಿಯಾದರೂ ಆಗಿರಬೇಕು. ಸುದ್ದಿ ಓದಿದ ಮೇಷ್ಟ್ರು ಕೆಂಪು ಚುಕ್ಕೆಯ ಕಥೆಯನ್ನು ಅತ್ತೆಯಿಂದ ಕೇಳಿಕೊಂಡು ಅಂದೇ ಟೈಪಿಂಗ್ ಯಂತ್ರದ ಮುಂದೆ ಕೂತು ವೈದ್ಯ ಪರಿಷತ್ತಿಗೆ ಎರಡು ಪುಟದ ದೂರು ಹೊಡೆದರು. ಕಾರ್ಬನ್ ಪ್ರತಿಯಲ್ಲೂ ಒಂದು ತಪ್ಪಿಲ್ಲ.

ಪರಿಷತ್ತಿನ ಪತ್ರ ಬಂದ ಸಂಜೆ ಅಪ್ಪ, ಮಗ ಇಬ್ಬರೂ ಹಿಂದಿನ ಕೋಣೆಗೆ ಹೋದರು. ಸಿಸ್ಟರಮ್ಮ ಅಲ್ಲೇ ಇದ್ದರು. ಡಾಕ್ಟರು ಆ ಕೋಣೆಗೆ ಕೇಳಿಕೊಂಡು ಬಂದದ್ದು ಅದೇ ಮೊದಲು.

“ಅತ್ತೆ, ಆ ಮೂರು ರಿಜಿಸ್ಟರು ಗೆದ್ದಲು ತಿಂದ್ಹಾಕ್ತು ಅಂತ ಒಂದು ಮಾತು ಬರ್ಕೊಟ್ರೆ ಸಾಕು.”

“ಕಬ್ಬಿಣದ ಬೀರೂನ ತಿನ್ನೋ ಗೆದ್ದಲು ಯಾವುದಪ್ಪ? ನಿನ್ನಂಥದೇ ಇರ್ಬೇಕು.”

ಅಪ್ಪ ತಗ್ಗಿದ ದನಿಯಲ್ಲಿ ಹೇಳಿದರು, “ಅಕ್ಕಾ, ಮನೆ ಮಾನದ ಪ್ರಶ್ನೆ. ಹುಡುಗನ ಬದುಕು ಹಾಳಾಗುತ್ತೆ. ನಮ್ಮಪ್ಪನಿಗೇ ತಾನೇ ಡಾಕ್ಟ್ರು ಅಂತ ಗೌರವ ಕೊಟ್ಟಿದ್ದು?”

“ನಮ್ಮಪ್ಪ ನಲವತ್ತು ವರ್ಷ ಅಳತೆ ತಪ್ಪದ ಕಾಂಪೌಂಡರ್ ಕಣೋ. ಅವರನ್ನ ಕೆಲಸಕ್ಕೆ ಬಾರದ ಡಾಕ್ಟ್ರು ಮಾಡಿಬಿಟ್ರಲ್ಲ ನೀವು. ರೋಗ ಬರೀದೆ, ಔಷಧ ಬರೀದೆ, ಬರೀ ಹೆಸರು ವಯಸ್ಸು ಬರ್ಕೊಂಡು ಕೂತಿರೋ ಡಾಕ್ಟ್ರು.”

“ಅಂದ್ರೆ ನಾನು ಬೀದಿಗೆ ಬಿದ್ರೂ ಪರವಾಗಿಲ್ವಾ ನಿಮಗೆ?” ಎಂದರು ಡಾಕ್ಟರು.

“ಮೇಷ್ಟ್ರು ಹೇಗಿದಾರೆ ಅಂತ ಕೇಳಿದ್ಯಾ ನೀನು?”

ಡಾಕ್ಟರು ಅಪ್ಪನ ಮುಖ ನೋಡಿದರು. ಅಪ್ಪ ಬಾಗಿಲ ಕಡೆ ನೋಡಿದರು. ಅದಕ್ಕೆ ಉತ್ತರ ಬರೆದುಕೊಡುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. “ಒಂದ್ಸಲ ಯೋಚ್ನೆ ಮಾಡಿ ಅತ್ತೆ” ಎಂದು ಹೇಳಿ ಅವರು ಎದ್ದರು. ಒಟ್ಟು ಮಾತುಕತೆ ಐದು ನಿಮಿಷ ಹಿಡಿಯಿತು. ಅವರ ಮಟ್ಟಿಗೆ ಅದು ಬಹಳ ಹೊತ್ತು.

ಅತ್ತೆ ಮರುದಿನವೇ ಪರಿಷತ್ತಿಗೆ ಉತ್ತರ ಬರೆದರು: ರಿಜಿಸ್ಟರುಗಳು ನನ್ನ ಬಳಿ ಇವೆ, ನಾನೇ ತರುತ್ತೇನೆ, ಪ್ರತಿಯೊಂದು ಅಂಕಣವನ್ನೂ ಓದಿ ಹೇಳಬಲ್ಲೆ. ಸಹಿಯ ಕೆಳಗೆ ‘ಕಾಂಪೌಂಡರರ ಮಗಳು’ ಎಂದು ಸೇರಿಸಿದರು. ಫಲಕ ಇನ್ನೂ ಬಾಗಿಲ ಮೇಲಿದೆ, ಬೆಂಚು ಇನ್ನೂ ತುಂಬುತ್ತದೆ.

ವಿಚಾರಣೆ ಬರುವ ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಏಳರ ಬಸ್ಸಿನಲ್ಲಿ ಅತ್ತೆ, ಸಿಸ್ಟರಮ್ಮ ಮತ್ತು ಟೈಪಿಂಗ್ ಮೇಷ್ಟ್ರಿಗೆ ಮೂರು ಸೀಟು ಕಾದಿರಿಸಿ ಆಗಿದೆ. ಡಾಕ್ಟರು ಅಪ್ಪನೊಂದಿಗೆ ಕಾರಿನಲ್ಲಿ ಹೋಗುತ್ತಾರೆ. ಅಂದು ಕ್ಲಿನಿಕ್ಕಿಗೆ ರಜೆ.